ಅಗ್ಗದ ರೈಲಿನಲ್ಲಿ ಅಂದಿನ ಪರದೇಶಕ್ಕೆ

ಪರದೇಶದ ಪುರಾತನ ನಗರವೊಂದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಯಾರಿಗಿಲ್ಲ? ಆದರೆ ಪ್ರಯಾಣದ ವೆಚ್ಚವನ್ನು ಲೆಕ್ಕ ಹಾಕಿದೊಡನೆ ಮಧ್ಯಮ ವರ್ಗದ ಗೃಹಸ್ಥನ ಉತ್ಸಾಹ ಅರ್ಧಕ್ಕಿಳಿಯುತ್ತದೆ. ಅಂಥವರಿಗೆ ಕನ್ನಡ ನಾಡಿನ ಮಗ್ಗುಲಲ್ಲಿಯೇ ಒಂದು ಸಮಾಧಾನವಿದೆ. 1961ರ ಡಿಸೆಂಬರ್ 19ರವರೆಗೆ ಗೋವೆಯನ್ನು ಆಳುತ್ತಿದ್ದುದು ಪೋರ್ತುಗಲ್. ಗಡಿ ದಾಟಿದರೆ ಬೇರೆ ಬಾವುಟ, ಬೇರೆ ನಾಣ್ಯ, ಬೇರೆ ಕಾನೂನು. ಗೋವೆಯನ್ನು ಕಂಡವನು ಲಿಸ್ಬನ್ನನ್ನು ಕಾಣಬೇಕಾದ್ದಿಲ್ಲವೆಂದು ಪೋರ್ತುಗೀಸರಲ್ಲಿಯೇ ಒಂದು ಗಾದೆಯಿತ್ತು. ಆ ಗಾದೆಯನ್ನು ಪಡೆದ ಹಳೇ ಗೋವೆ ಪಟ್ಟಣಕ್ಕೆ ಇಂದು ರಹದಾರಿ ಬೇಡ. ಎರಡನೆಯ ದರ್ಜೆಯ ರೈಲು ಟಿಕೆಟ್ಟು ಸಾಕು.

ಕೊಡಗಿನ ಪಾಲಿಬೆಟ್ಟದಿಂದ ಹೊರಡುವವರಿಗೆ ಈ ಯಾತ್ರೆಯಲ್ಲಿ ವಿಶೇಷ ಸ್ವಾರಸ್ಯವುಂಟು. ಪಾಲಿಬೆಟ್ಟವೆಂದರೆ ಕಾಫಿ ತೋಟಗಳ ನಡುವಣ ಪುಟ್ಟ ಪೇಟೆ. ಆಂಗ್ಲ ತೋಟಗಾರರ ಕಾಲವನ್ನು ನೆನಪಿಗೆ ತರುವ ಬ್ಯಾಂಬೂ ಕ್ಲಬ್ಬು ಅಲ್ಲಿದೆ. ಕಾಫಿಗೆ ನೆರಳು ಕೊಡುವ ಮರಗಳನ್ನು ಅಪ್ಪಿಕೊಂಡು ಕರಿಮೆಣಸಿನ ಬಳ್ಳಿಗಳು ಹಬ್ಬಿವೆ. ಪೋರ್ತುಗೀಸರನ್ನು ಅಷ್ಟು ದೂರದಿಂದ ಈ ಕರಾವಳಿಗೆ ಎಳೆದು ತಂದದ್ದು ಇದೇ ಮೆಣಸು. ಮನೆಯಂಗಳದಲ್ಲಿ ಒಣಗುವ ಕಾಳಿಗೆ ಒಂದು ಸಾಮ್ರಾಜ್ಯವನ್ನೇ ಕಟ್ಟುವ ಶಕ್ತಿಯಿತ್ತೆಂಬುದು ಹಳೇ ಗೋವೆಯನ್ನು ನೋಡಿದಾಗ ಮನದಟ್ಟಾಗುತ್ತದೆ.

ಕೊಡಗಿನಲ್ಲಿ ರೈಲುಹಳಿಯೇ ಇಲ್ಲ. ಆದುದರಿಂದ ಯಾತ್ರೆಯ ಮೊದಲ ಹಂತ ಬಸ್ಸಿನದು: ಗೋಣಿಕೊಪ್ಪ, ತಿತಿಮತಿ, ಹುಣಸೂರುಗಳ ಮೂಲಕ ಮೈಸೂರಿಗೆ. ಅಲ್ಲಿಂದ ಹುಬ್ಬಳ್ಳಿಗೆ ರಾತ್ರಿಯ ಗಾಡಿ ಹಿಡಿದರೆ ಒಂದು ದಿನದ ವಸತಿಯ ಖರ್ಚು ಉಳಿಯಿತು. ಹುಬ್ಬಳ್ಳಿಯಲ್ಲಿ ರೊಟ್ಟಿ, ಎಣ್ಣೆಗಾಯಿಗಳ ಊಟ ಮುಗಿಸಿ ವಾಸ್ಕೋ ಕಡೆಯ ಗಾಡಿಯನ್ನೇರಿದರೆ ಧಾರವಾಡ, ಅಳ್ನಾವರ, ಲೋಂಡಾಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಬಯಲು ಮುಗಿದು ಕಾಡು ಮೊದಲಾಗುತ್ತದೆ. ಆಮೇಲೆ ಬರುವುದೇ ಕ್ಯಾಸಲ್‌ರಾಕ್.

ಉತ್ತರ ಕನ್ನಡದ ಅರಣ್ಯದಲ್ಲಿರುವ ಈ ನಿಲ್ದಾಣ ಒಂದು ಕಾಲಕ್ಕೆ ಎರಡು ಸಾಮ್ರಾಜ್ಯಗಳ ಹೊಸ್ತಿಲಾಗಿತ್ತು. 1878ರ ಆಂಗ್ಲ–ಪೋರ್ತುಗೀಸ್ ಒಪ್ಪಂದದ ಬಳಿಕ, ಮುರಗಾಂವ್ ಬಂದರಿನಿಂದ ಘಟ್ಟದ ಮೇಲಕ್ಕೆ ಹಳಿ ಹಾಕುವ ಕಾರ್ಯ 1880ರ ದಶಕದಲ್ಲಿ ನಡೆಯಿತು. ಬ್ರಿಟಿಷ್ ಇಂಡಿಯದ ಹಳಿ ಅದನ್ನು ಕೂಡಿಕೊಂಡದ್ದು ಇಲ್ಲಿಯೇ. ಪ್ರಯಾಣಿಕರ ಪೆಟ್ಟಿಗೆಗಳ ತಪಾಸಣೆ ಇಲ್ಲಿ ನಡೆಯುತ್ತಿತ್ತು. 1955ರಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹ ತೀವ್ರವಾಗಿ ಗಡಿ ಮುಚ್ಚಿದಾಗ ಗಾಡಿಗಳ ಓಡಾಟವೂ ನಿಂತಿತು. ಆರು ವರ್ಷಗಳ ತರುವಾಯ ಭಾರತದ ಸೇನೆ ಗೋವೆಯನ್ನು ಬಿಡಿಸಿದ ಮೇಲೆಯೇ ಈ ದಾರಿಗೆ ಮರಳಿ ಜೀವ ಬಂದದ್ದು.

ಕ್ಯಾಸಲ್‌ರಾಕಿನಿಂದ ಕುಳೆಂವರೆಗಿನ ಸುಮಾರು 26 ಕಿಲೋಮೀಟರು ಘಟ್ಟದ ಇಳಿಜಾರು. ಪೋರ್ತುಗಲ್ಲಿನ ರಾಜವಂಶದ ಹೆಸರನ್ನು ಹೊತ್ತು ಇದು ಬ್ರಗಾಂಜಾ ಘಾಟ್ ಎನಿಸಿಕೊಂಡಿತು. 37 ಅಡಿ ಸಾಗಿದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಹಾದಿ. ಎದುರಿನಿಂದ ಏರಿ ಬರುವ ಗಾಡಿಗಳಿಗೆ ಹೆಚ್ಚಿನ ಎಂಜಿನ್ನುಗಳ ನೆರವು ಬೇಕು. ಸುರಂಗದ ಕತ್ತಲೆಯಿಂದ ಹೊರಬಿದ್ದಾಗ ದೂಧಸಾಗರ ಜಲಪಾತ ಕಾಣಿಸುತ್ತದೆ. 310 ಮೀಟರು ಎತ್ತರದಿಂದ ಧುಮುಕುವ ನೀರಿನ ಮುಂದೆಯೇ ಸೇತುವೆಯ ಮೇಲೆ ಗಾಡಿ ಸಾಗುತ್ತದೆ. ಮಳೆಗಾಲದಲ್ಲಿ ಈ ನೋಟ ಅತಿ ರಮ್ಯ. ಆದರೆ ಅದಕ್ಕಾಗಿ ನಡುದಾರಿಯಲ್ಲಿ ಹಳಿಯ ಮೇಲಿಳಿಯುವ ಸಾಹಸ ಸಲ್ಲದು. ಕಿಟಕಿಯೇ ಸಾಕಷ್ಟು ತೋರಿಸುತ್ತದೆ.

ಮಡಗಾಂವಿನಲ್ಲಿಳಿದರೆ ಪಣಜಿಗೂ ಅಲ್ಲಿಂದ ಹತ್ತು ಕಿಲೋಮೀಟರು ದೂರದ ಹಳೇ ಗೋವೆಗೂ ಬಸ್ಸುಗಳಿವೆ. ಸರ್ಕಾರಿ ಬಸ್ಸಿನ ಹೆಸರು ‘ಕದಂಬ’. ಕನ್ನಡಿಗನ ಕಿವಿ ಇಲ್ಲಿ ನಿಮಿರಬೇಕು. ಪೋರ್ತುಗೀಸರಿಗಿಂತ ಶತಮಾನಗಳ ಮೊದಲು ಇಲ್ಲಿ ಆಳಿದವರು ಗೋವೆಯ ಕದಂಬರು. ಅವರ ಶಾಸನಗಳಲ್ಲಿ ಕನ್ನಡವಿದೆ. ಮುಂದೆ ವಿಜಯನಗರ, ಬಹಮನಿ, ಬಿಜಾಪುರದ ಆದಿಲಶಾಹಿಗಳ ಸರದಿ. ಆದಿಲಶಾಹಿಯ ಕೈಯಿಂದ ಆಲ್ಬುಕರ್ಕ್ ಈ ಪಟ್ಟಣವನ್ನು 1510ರಲ್ಲಿ ಕಿತ್ತುಕೊಂಡ. ಸುಲ್ತಾನನ ಅರಮನೆಯ ಬಾಗಿಲಿನ ಕಲ್ಲಿನ ಚೌಕಟ್ಟೊಂದು ಸಂತ ಕಜೆತಾನರ ಚರ್ಚಿನ ಬಳಿ ಇಂದಿಗೂ ಒಂಟಿಯಾಗಿ ನಿಂತಿದೆ.

ಉಳಿದದ್ದೆಲ್ಲ ಪೋರ್ತುಗಲ್ಲಿನ ವೈಭವ. 1562ರಲ್ಲಿ ಆರಂಭವಾದ ಸೇ ಕೆಥೆಡ್ರಲಿನ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಕುಸಿಯಿತು. ಉಳಿದ ಗೋಪುರದಲ್ಲಿ ‘ಚಿನ್ನದ ಗಂಟೆ’ಯೆಂದು ಹೆಸರಾದ ದೊಡ್ಡ ಗಂಟೆ ತೂಗುತ್ತಿದೆ. ಎದುರಿಗೆ 1605ರಲ್ಲಿ ಪ್ರತಿಷ್ಠೆಯಾದ ಬೊಮ್ ಜೀಸಸ್ ಬಸಿಲಿಕ. ಕೆಂಪು ಮುರಕಲ್ಲಿನ ಆ ಮಂದಿರದಲ್ಲಿ, ಗೋವೆಯ ಅಕ್ಕಸಾಲಿಗರು ಮಾಡಿದ ಬೆಳ್ಳಿಯ ಪೆಟ್ಟಿಗೆಯೊಳಗೆ, 1552ರಲ್ಲಿ ಚೀನದ ಕರಾವಳಿಯ ದ್ವೀಪವೊಂದರಲ್ಲಿ ಕಾಲವಾದ ಸಂತ ಫ್ರಾನ್ಸಿಸ್ ಝೇವಿಯರರ ದೇಹವಿದೆ. ಭಾರತದ ಮೊದಲ ಅಚ್ಚುಕೂಟ 1556ರಲ್ಲಿ ಕೆಲಸ ತೊಡಗಿದ್ದೂ ಈ ಊರಿನಲ್ಲಿಯೇ.

ಇಷ್ಟೊಂದು ಚರ್ಚುಗಳಿರುವ ಪಟ್ಟಣದಲ್ಲಿ ಮನೆಗಳೆಲ್ಲಿ ಎಂದು ಹುಡುಕಿದರೆ ಸಿಗುವುದು ತೆಂಗಿನ ತೋಪು, ಹುಲ್ಲು. ಮಲೇರಿಯ ಮತ್ತು ಕಾಲರಾ ಊರನ್ನು ಬರಿದು ಮಾಡಿದವು. 1759ರಲ್ಲಿ ವೈಸರಾಯ್ ಪಣಜಿಗೆ ವಾಸ ಬದಲಿಸಿದ. 1843ರಲ್ಲಿ ರಾಜಧಾನಿಯ ಪಟ್ಟವೂ ಪಣಜಿಗೆ ಸಂದಿತು. ದೇವರ ಮನೆಗಳು ಮಾತ್ರ ಉಳಿದವು. 1986ರಲ್ಲಿ ಇವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ವೈಭವಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು. ದೇವಾಲಯಗಳು ನೆಲಸಮವಾದವು, ಮಂಗೇಶ, ಶಾಂತಾದುರ್ಗೆಯರ ಮೂರ್ತಿಗಳನ್ನು ಭಕ್ತರು ಹೊಳೆ ದಾಟಿಸಿ ಫೋಂಡಾ ಸೀಮೆಯಲ್ಲಿ ನೆಲೆಗೊಳಿಸಿದರು. 1560ರಲ್ಲಿ ಮೊದಲಾದ ಧರ್ಮವಿಚಾರಣೆಯ ನ್ಯಾಯಾಲಯ ಪೂರ್ತಿಯಾಗಿ ಮುಚ್ಚಿದ್ದು 1812ರಲ್ಲಿ. ಅದರ ಭಯಕ್ಕೂ ಬರಕ್ಕೂ ಯುದ್ಧಕ್ಕೂ ಬೆದರಿ ಕೊಂಕಣಿಗಳು, ಹಿಂದೂಗಳೂ ಕ್ರೈಸ್ತರೂ, ದಕ್ಷಿಣದ ಕರಾವಳಿಗೆ ವಲಸೆ ಬಂದರು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ಅಲ್ಲಿಂದ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ತಾನು 1792ರಲ್ಲಿ ಕಟ್ಟಿಸಿದ ವಿರಾಜಪೇಟೆಯಲ್ಲಿ ನೆಲೆ ಕೊಟ್ಟನು. ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಚರಿತ್ರೆ ಆರಂಭವಾಗುವುದು ಇಲ್ಲಿಂದಲೇ. ಪಾಲಿಬೆಟ್ಟದ ನೆರೆಯ ಊರಿನ ಮನೆಮಾತಿನಲ್ಲಿ ಗೋವೆಯ ಕೊಂಕಣಿ ಕೇಳಿಬರುವುದಕ್ಕೆ ಹೀಗೊಂದು ದೀರ್ಘ ಪಯಣದ ಹಿನ್ನೆಲೆಯಿದೆ.

ಖರ್ಚಿನ ಬಗೆಗೆ ಎರಡು ಮಾತು. ಈ ಎರಡೂ ಮುಖ್ಯ ಚರ್ಚುಗಳಿಗೆ ಪ್ರವೇಶಶುಲ್ಕವಿಲ್ಲ. ಉಡುಪು ಮಾತ್ರ ಗಂಭೀರವಾಗಿರಬೇಕು. ಎಲ್ಲವೂ ಕಾಲ್ನಡಿಗೆಯ ದೂರ. ಬೆಳಗ್ಗೆ ಬೇಗ ಹೋದರೆ ಬಿಸಿಲೂ ಜನಸಂದಣಿಯೂ ಕಡಿಮೆ. ಡಿಸೆಂಬರ್ 3ರ ಸಂತರ ಹಬ್ಬದ ಸುಮಾರಿಗೆ ವಸತಿ ದುರ್ಲಭ. ಕೈ ಬಿಗಿಹಿಡಿದವರು ಆ ದಿನಗಳನ್ನು ತಪ್ಪಿಸುವುದು ಮೇಲು.

ಮರಳುವಾಗ ಬೇರೆ ದಾರಿ ಹಿಡಿಯುವುದು ಜಾಣತನ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ ಮಡಗಾಂವಿನಿಂದ ಕಡಲ ಮಗ್ಗುಲಲ್ಲಿಯೇ ಮಂಗಳೂರಿಗೆ ಕರೆತರುತ್ತದೆ. ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆಯ ಮೇಲೆ ಗಾಡಿ ಶರಾವತಿಯನ್ನು ದಾಟುತ್ತದೆ. ಇದು ಪೋರ್ತುಗೀಸರು ‘ಮೆಣಸಿನ ರಾಣಿ’ಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಾಡು. ಅವರು ಗೌರವದಿಂದ ಹೆಸರಿಸಿದ ಎದುರಾಳಿ ಕನ್ನಡ ನೆಲದ ಒಬ್ಬ ಹೆಂಗಸು ಎಂಬುದನ್ನು ಜೊತೆಗಿರುವ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಬೇರೊಂದಿಲ್ಲ. ಮಂಗಳೂರಿನಿಂದ ಸುಳ್ಯ, ಮಡಿಕೇರಿಗಳ ಮೇಲೆ ಬಸ್ಸು ಕೊಡಗನ್ನೇರುತ್ತದೆ.