ಮದ್ದು ಬಿಡದ ಮೂರು ಮರಗಳು

ಕನ್ನಡದಲ್ಲಿ 'ಪ್ರಯೋಗ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮದ್ದನ್ನು ಬಳಸುವುದೂ ಪ್ರಯೋಗವೇ. ಆ ಮದ್ದು ನಿಜವಾಗಿ ಫಲ ಕೊಡುತ್ತದೆಯೇ ಎಂದು ಪರೀಕ್ಷಿಸುವುದೂ ಪ್ರಯೋಗವೇ. ಕಾಸರಗೋಡಿನ ಅಡಿಕೆ ತೋಟವೊಂದರಲ್ಲಿ ಬೆಳೆದು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸಸ್ಯವಿಜ್ಞಾನದ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿದ ವಿದ್ಯಾರ್ಥಿನಿಯೊಬ್ಬಳಿಗೆ ಈ ಎರಡರ ನಡುವಿನ ಅಂತರ ಮನವರಿಕೆಯಾದದ್ದು ಸಂಶೋಧನ ವಿಧಾನದ ತರಗತಿಯಲ್ಲಿ.

ಆಕೆಯ ಮನೆಯ ತೋಟಕ್ಕೆ ಮಳೆಗಾಲದ ಶತ್ರುವೆಂದರೆ ಮಹಾಳಿ. ಘಟ್ಟದ ಮೇಲಿನವರು ಇದನ್ನೇ ಕೊಳೆರೋಗವೆನ್ನುತ್ತಾರೆ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ತಗಲಿದ ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಬಳಕೆಯನ್ನು ಬೆಳೆಗಾರರಲ್ಲಿ ಹರಡಿದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಗಳ ಬಳಿಕ ಮತ್ತೊಮ್ಮೆ. ಇಂದಿಗೂ ಇದೇ ರೂಢಿ.

ಹಿಂದಿನ ವರ್ಷ ಆಕೆಯ ತಂದೆ ಮೇಲಿನ ತಟ್ಟಿಗೆ ಮಾತ್ರ ಹೊಸ ಮದ್ದೊಂದನ್ನು ಬಿಡಿಸಿದ್ದರು. ಅಲ್ಲಿ ರೋಗ ಕಡಿಮೆಯಿತ್ತು. ಮದ್ದು ಗೆದ್ದಿತೆಂದು ಅವರು ನಂಬಿದರು; ಮುಂದಿನ ವರ್ಷ ಇಡೀ ತೋಟಕ್ಕೆ ಅದನ್ನೇ ಬಿಡಿಸುವುದೆಂದು ನಿಶ್ಚಯಿಸಿದರು. ಆದರೆ ಮೇಲಿನ ತಟ್ಟಿನಲ್ಲಿ ಗಾಳಿ ಬೆಳಕು ಹೆಚ್ಚು. ತೋಡಿನ ಬದಿಯ ಕೆಳತಟ್ಟಿನಲ್ಲಿ ತೇವ ಆರುವುದೇ ಇಲ್ಲ. ಕಂಡ ವ್ಯತ್ಯಾಸ ಮದ್ದಿನದೋ, ನೆಲದ್ದೋ?

ಈ ಪ್ರಶ್ನೆಗೆ ದಾರಿ ತೋರಿದ್ದು ರೊನಾಲ್ಡ್ ಫಿಷರ್. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನ ಕೇಂದ್ರದಲ್ಲಿ ದುಡಿದ ಅವರು 1935ರಲ್ಲಿ ಪ್ರಯೋಗ ವಿನ್ಯಾಸವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಕಪ್ಪಿಗೆ ಮೊದಲು ಹಾಲು ಸುರಿದರೋ ಚಹಾ ಸುರಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದ ಮಹಿಳೆಯ ಪ್ರಸಂಗ ಅದರಲ್ಲಿ ಬರುತ್ತದೆ. 8 ಕಪ್ಪುಗಳು, ನಾಲ್ಕು ಒಂದು ಬಗೆ, ನಾಲ್ಕು ಇನ್ನೊಂದು ಬಗೆ. ಕ್ರಮ ಅದೃಷ್ಟಕ್ಕೆ ಬಿಟ್ಟದ್ದು. ನಾಲ್ಕನ್ನು ಆರಿಸುವ ದಾರಿಗಳು 70. ಬರಿಯ ಊಹೆಯಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ 70ರಲ್ಲಿ 1.

ಆಕೆ ತೋಟಕ್ಕೆ ಲೆಕ್ಕ ಹಾಕಿದಳು. ಮೂರು ತಟ್ಟುಗಳಲ್ಲಿಯೂ ಎರಡೆರಡು ತುಂಡು ಗುರುತಿಸಿ, ಚೀಟಿ ಎತ್ತಿ, ಒಂದಕ್ಕೆ ಬೋರ್ಡೋ, ಇನ್ನೊಂದಕ್ಕೆ ಹೊಸ ಮದ್ದು. ಒಂದೇ ತಟ್ಟಿನೊಳಗಿನ ಹೋಲಿಕೆಯಾದುದರಿಂದ ನೆಲದ ಭೇದ ಅಡ್ಡಬಾರದು. ಆದರೆ ಎರಡು ಮದ್ದುಗಳೂ ಸಮಾನವಾಗಿದ್ದರೂ ಮೂರು ತಟ್ಟುಗಳಲ್ಲಿ ಹೊಸದೇ ಮೇಲೆಂದು ತೋರುವ ಸಂಭವ 8ರಲ್ಲಿ 1. ಇಷ್ಟು ದುರ್ಬಲವಾದ ಸಾಕ್ಷ್ಯದ ಮೇಲೆ ವರ್ಷದ ಬೆಳೆಯನ್ನು ಒಡ್ಡುವುದು ಹೇಗೆ? ಚಿಕ್ಕಪ್ಪನ ತೋಟದ ಮೂರು ತಟ್ಟುಗಳೂ ಸೇರಿದಾಗ ಅದು 64ರಲ್ಲಿ 1 ಆಯಿತು.

ಕಷ್ಟ ಎದುರಾದದ್ದು ಇನ್ನೊಂದು ಕಡೆ. ತರಗತಿಯಲ್ಲಿ 'ಕಂಟ್ರೋಲ್' ಎಂಬುದಕ್ಕೆ 'ನಿಯಂತ್ರಣ' ಎಂಬ ಅನುವಾದ ಆಕೆಗೆ ದೊರೆತಿತ್ತು. ಯಾರು ಯಾರನ್ನು ನಿಯಂತ್ರಿಸುವುದೆಂದು ಅದರಿಂದ ತಿಳಿಯದು. ಆಕೆ ತನ್ನ ಪುಸ್ತಕದಲ್ಲಿ 'ಮದ್ದು ಬಿಡದ ಮರ' ಎಂದು ಬರೆದುಕೊಂಡಳು. ಹಾಗೆ ಬರೆದೊಡನೆ ಅದರ ಬೆಲೆಯೂ ಕಾಣಿಸಿತು.

"ಮದ್ದು ಬಿಡದೆ ಉದುರಿದ ಅಡಿಕೆಗೆ ನಿನ್ನ ಕಾಲೇಜು ದುಡ್ಡು ಕೊಡುತ್ತದೆಯಾ ಮಗಳೇ?" ಎಂದು ತಂದೆ ಕೇಳಿದರು.

ನ್ಯಾಯವಾದ ಪ್ರಶ್ನೆ. ಎರಡು ಮದ್ದುಗಳನ್ನು ಮಾತ್ರ ಹೋಲಿಸಿದರೆ ಸಾಲದೇ ಎಂದು ಆಕೆ ಅಧ್ಯಾಪಕರನ್ನು ಕೇಳಿದಳು. ಮಹಾಳಿಯೇ ಬಾರದ ವರ್ಷದಲ್ಲಿ ಎರಡೂ ಸಮಾನವೆಂದು ತೋರುತ್ತವೆ. ಆಗ ಎರಡೂ ಕೆಲಸ ಮಾಡಿದವೋ, ಎರಡಕ್ಕೂ ಕೆಲಸವೇ ಇರಲಿಲ್ಲವೋ ಗೊತ್ತಾಗದು ಎಂದರು ಅವರು. ರೋಗ ಬಂದಿತ್ತೆಂಬುದಕ್ಕೆ ಸಾಕ್ಷಿಯಾಗಿ ಕೆಲವು ಮರಗಳಾದರೂ ಬೇಕು. ಮಳೆಹನಿ ಸಿಡಿದು ಸೋಂಕು ಹರಡುವುದರಿಂದ ಅವು ಉಳಿದ ತುಂಡುಗಳಿಂದ ದೂರವಿರಬೇಕು.

ತಂದೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ತಟ್ಟಿಗೆ ಒಂದರಂತೆ ಮೂರು ಮರ. ಅದಕ್ಕಿಂತ ಹೆಚ್ಚು ಕೇಳಬೇಡ" ಎಂದರು. ಅಂಚಿನ ಮರಗಳ ನಡುವೆ ಅವಕ್ಕೂ ಚೀಟಿ ಎತ್ತಲಾಯಿತು. ಕೆಳತಟ್ಟಿನ ಚೀಟಿಯಲ್ಲಿ ಬಂದದ್ದು ಅಜ್ಜ ನೆಟ್ಟ, ಇಂದಿಗೂ ಚೆನ್ನಾಗಿ ಕಾಯಿ ಹಿಡಿಯುವ ಮರ. ಬೇರೆ ಚೀಟಿ ಎತ್ತೋಣವೆಂದು ತಾಯಿ ಹೇಳಿದರು. ಬೇಡವೆಂದದ್ದು ತಂದೆ, ಬೇಕಾದದ್ದು ಬರುವವರೆಗೆ ಎತ್ತುವುದಾದರೆ ಚೀಟಿ ಬರೆದದ್ದೇಕೆ ಎಂದು ಅವರು ಕೇಳಿದರು.

ಮೊದಲ ಮದ್ದು ಬಿಡುವ ಹಿಂದಿನ ರಾತ್ರಿ ಒಂದು ಹಾಳೆಯ ಮೇಲೆ ನಿಯಮಗಳನ್ನು ಬರೆದಿಟ್ಟರು: ಪ್ರತಿ ತುಂಡಿನ ನಡುವಿನ ಮರಗಳಡಿ ಬಿದ್ದ ಕಾಯಿಗಳನ್ನು ಮಾತ್ರ ಎಣಿಸುವುದು; ಕೊಳೆತವೆಂದು ಯಾವುದನ್ನು ಪರಿಗಣಿಸಬೇಕೆಂಬುದು; ಆರು ತಟ್ಟುಗಳಲ್ಲಿಯೂ ಹೊಸ ಮದ್ದಿನದೇ ಮೇಲುಗೈಯಾಗದಿದ್ದರೆ ತೋಟಕ್ಕೆ ಬೋರ್ಡೋವೇ ಮುಂದುವರಿಯುವುದು. ಹಾಳೆಯ ಕೆಳಗೆ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಸಹಿ ಹಾಕಿದರು.

ಮಳೆ ಹಿಡಿದಿದೆ. ತಂದೆ ಬೆಳಗಾದೊಡನೆ ಕೊಡೆ ಹಿಡಿದು ಕೆಳತಟ್ಟಿಗೆ ಇಳಿಯುತ್ತಾರೆ. ಅಜ್ಜನ ಮರದ ಬುಡದಲ್ಲಿ ಬಿದ್ದವನ್ನು ಹೆಕ್ಕಿ ಎಣಿಸಿ, ಸಂಖ್ಯೆಯನ್ನು ಮಗಳಿಗೆ ಫೋನಿನಲ್ಲಿ ತಿಳಿಸುತ್ತಾರೆ.