ಮುಖವಿಲ್ಲದ ಸುಂದರಿಯರು

1937ರಲ್ಲಿ ಪ್ಯಾರಿಸಿನ ಸೇನ್ ನದಿಯ ದಂಡೆಯಲ್ಲಿ ನೆರೆದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಉಡುಗೆ ತೊಡುಗೆಗಳಿಗೆಂದೇ ಒಂದು ಮಂಟಪವಿತ್ತು. ‘ಸೊಬಗಿನ ಮಂಟಪ’ವೆಂದು ಅದರ ಹೆಸರು. ಆದರೆ ವಾಸ್ತುಶಿಲ್ಪಿ ಎಮಿಲ್ ಐಯೊ ಮತ್ತು ಸಂಗಡಿಗರು ರಚಿಸಿದ ಅದರ ಒಳಾಂಗಣವು ಥಳಥಳಿಸುವ ಅಂಗಡಿಯಂತಿರದೆ ಗುಹೆಯನ್ನು ನೆನಪಿಗೆ ತರುತ್ತಿತ್ತು. ಅಲ್ಲಿ ಬೆಲೆಬಾಳುವ ಉಡುಪುಗಳನ್ನು ತೊಟ್ಟು ನಿಂತಿದ್ದವು, ಶಿಲ್ಪಿ ರೊಬೇರ್ ಕುತೂರಿಯೇ ರೂಪಿಸಿದ ಗಾರೆಯ ಬೊಂಬೆಗಳು: ಆಳೆತ್ತರವನ್ನು ಮೀರಿದ ಒರಟು ಮೈ, ಏನನ್ನೋ ತಡೆಯುವಂತೆ ಚಾಚಿದ ಕೈ, ಕಣ್ಣು ಮೂಗು ಮೂಡದ ಮುಖ.

ಎಲ್ಲರಿಗೂ ಅವು ಹಿಡಿಸಲಿಲ್ಲ. ಹೆಸರಾಂತ ವಸ್ತ್ರವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ ತಮ್ಮ ಪಾಲಿನ ಬೊಂಬೆಯನ್ನು ಬರಿಮೈಯಲ್ಲಿ ಮಲಗಿಸಿ, ಉಡುಪುಗಳನ್ನು ಪಕ್ಕದಲ್ಲಿ ಒಗೆದು ಹರವಿದಂತೆ ಹಗ್ಗದ ಮೇಲೆ ತೂಗಹಾಕಿದರು.

ಹೊರಗೆ ಜರ್ಮನಿ, ಸೋವಿಯತ್ ಮಂಟಪಗಳು ಸೆಡ್ಡು ಹೊಡೆದಂತೆ ಎದುರುಬದುರಾಗಿದ್ದವು. ಸ್ಪೇನಿನ ಮಂಟಪದಲ್ಲಿ ಬಾಂಬಿನ ದಾಳಿಗೆ ತುತ್ತಾದ ಊರೊಂದರ ಗೋಳನ್ನು ಪಿಕಾಸೊ ಬರೆದ ‘ಗೆರ್ನಿಕಾ’ ಚಿತ್ರವು ಸಾರುತ್ತಿತ್ತು.

ತನ್ನ ಬೊಂಬೆಗಳು ಪ್ಯಾರಿಸಿನ ಸೊಗಸುಗಾರ್ತಿಯರಿಗಿಂತ, ಜ್ವಾಲಾಮುಖಿಯ ಬೂದಿ ಕವಿದಾಗ ಇದ್ದಲ್ಲೇ ಸಿಕ್ಕಿಬಿದ್ದ ಪಾಂಪೆ ನಗರದ ಜನರನ್ನು ಹೋಲುತ್ತಿದ್ದುವೆಂದು ಕುತೂರಿಯೇ ಮುಂದೆ ನೆನೆದುಕೊಂಡರು. 1940ರ ಜೂನಿನಲ್ಲಿ ಜರ್ಮನ್ ಸೇನೆ ಪ್ಯಾರಿಸನ್ನು ಹೊಕ್ಕಿತು. ಮಂಟಪವು ಇಂದು ಇಲ್ಲ. ವೋಲ್ಸ್ ಎಂಬ ಕಲಾವಿದ ತೆಗೆದ ಛಾಯಾಚಿತ್ರಗಳಲ್ಲಿ ಆ ಹೆಣ್ಣುಗಳು ಇಂದಿಗೂ ಸಿಂಗರಿಸಿಕೊಂಡು, ಕೈ ಚಾಚಿ ನಿಂತಿದ್ದಾರೆ.