ಊರಿಗೆ ಹೊರಟ ಕಾರು

ಠಾಣೆ, ಡೊಂಬಿವಲಿ, ಕಲ್ಯಾಣ, ಅತ್ತ ನವಿ ಮುಂಬಯಿ ಎಂದು ಹರಡಿಕೊಂಡಿರುವ ನಮ್ಮ ಕನ್ನಡ ಸಂಸಾರಗಳಲ್ಲಿ ಕಾರಿನ ಪಾಡು ವಿಚಿತ್ರವಾದದ್ದು. ಸಾಲ ಮಾಡಿ ಕೊಂಡ ಕಾರು ವಾರವೆಲ್ಲ ಕಟ್ಟಡದ ಕೆಳಗೆ ಧೂಳು ಹೊದ್ದು ನಿಂತಿರುತ್ತದೆ. ಯಜಮಾನ ಮಾತ್ರ ಲೋಕಲ್ ಗಾಡಿಯಲ್ಲಿ ಒಂಟಿಗಾಲಿನಲ್ಲಿ ಜೋತಾಡುತ್ತ ಆಫೀಸು ಸೇರುತ್ತಾನೆ. ನಿವೃತ್ತಿಯೋ, ವರ್ಗಾವಣೆಯೋ, ಊರಲ್ಲಿ ಹಿರಿಯರ ಕಾಯಿಲೆಯೋ ಬಂದಾಗ ಅದನ್ನು ಊರಿಗೆ ಸಾಗಿಸುವ ಪ್ರಶ್ನೆ ಏಳುತ್ತದೆ. ಕಳೆದ ಮಾರ್ಚ್ ತಿಂಗಳಲ್ಲಿ ನನಗೆ ಆ ಪ್ರಸಂಗ ಒದಗಿತು. ಆಗ ತಿಳಿದುಕೊಂಡ ನಾಲ್ಕು ಸಂಗತಿಗಳು ಬಂಧುಗಳಿಗೆ ಉಪಯೋಗವಾದಾವೆಂದು ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಅಣ್ಣನ ಜತೆ ಇರುವ ನಮ್ಮ ಅವ್ವನಿಗೆ ಮೂತ್ರಪಿಂಡಗಳು ಸೋತು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗಾಗಿ ಹುಬ್ಬಳ್ಳಿಗೆ ಹೋಗಬೇಕಾಯಿತು. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋದಾಳು. ಬರುವಾಗ ನಿಲ್ಲಲೂ ತ್ರಾಣವಿರುವುದಿಲ್ಲ. ವಾರಕ್ಕೆ ಮೂರು ದಿನ ಬಾಡಿಗೆ ಕಾರೆಂದರೆ ಅಣ್ಣನ ಒಕ್ಕಲುತನಕ್ಕೆ ಮೀರಿದ ಮಾತು. "ನಮ್ಮ ಕಾರು ಅಲ್ಲೇ ಇರಲಿ, ಕಳಿಸಿಬಿಡಿ" ಎಂದು ಮೊದಲು ಹೇಳಿದವಳು ನನ್ನ ಮನೆಯಾಕೆ. ವರ್ಷಾಂತ್ಯದ ಲೆಕ್ಕ ಮುಗಿಯದೆ ನನಗೆ ರಜೆ ಸಿಗುವಂತಿರಲಿಲ್ಲ. ಸಾರಿಗೆ ಕಂಪನಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು.

ಕಾರುಗಳನ್ನು ಹೊರುವ ಉದ್ದನೆಯ ಟ್ರೇಲರ್ ಡೊಂಬಿವಲಿಯ ಗಲ್ಲಿಗಳಲ್ಲಿ ತಿರುಗಲಾರದು. ಕಂಪನಿಯ ಚಾಲಕ ಮನೆಗೆ ಬಂದು ಕಾರನ್ನು ಭಿವಂಡಿಗೋ ಕಳಂಬೋಲಿಗೋ ಒಯ್ದು ಅಂಗಳದಲ್ಲಿ ನಿಲ್ಲಿಸುತ್ತಾನೆ. ಅದೇ ದಿಕ್ಕಿಗೆ ಹೋಗುವ ಸಾಕಷ್ಟು ಕಾರುಗಳು ಕೂಡಿದ ಮೇಲೆ ಟ್ರೇಲರ್ ಹೊರಡುತ್ತದೆ. ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿಗಳ ಮೇಲೆ ಹುಬ್ಬಳ್ಳಿ ಒಂದು ಹಗಲಿನ ದಾರಿಯಾದರೂ, ಕಾರು ತಲುಪಲು ಅಷ್ಟೊಂದು ದಿನ ಹಿಡಿಯುವುದು ಇದರಿಂದಲೇ. ದಾರಿಯ ದಿನಗಳಿಗಿಂತ ಅಂಗಳದ ದಿನಗಳು ಹೆಚ್ಚು. ಕರಾವಳಿಯ ಕಡೆಯವರಿಗೆ ಇನ್ನೊಂದು ಮಾತು: 1999ರಿಂದ ಲಾರಿಗಳನ್ನು ರೈಲಿನ ಮೇಲೇರಿಸಿ ಸಾಗಿಸುತ್ತ ಬಂದ ಕೊಂಕಣ ರೈಲ್ವೆ, 2025ರ ಗಣೇಶ ಚೌತಿಗೆ ಕೋಲಾಡದಿಂದ ಗೋವೆಯ ವೆರ್ಣಾಕ್ಕೆ ಖಾಸಗಿ ಕಾರುಗಳನ್ನೂ ಸಾಗಿಸಲು ಆರಂಭಿಸಿತು. ಆಗ ಕಾರೊಂದಕ್ಕೆ 7,875 ರೂಪಾಯಿ. ಕಾರವಾರದವರಿಗೆ ವೆರ್ಣಾದಿಂದ ಮುಂದಿನ ದಾರಿ ದೂರವೇನಲ್ಲ.

ನಾನು ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಕಲಿತ ಪಾಠ ಒಂದೇ ಎಂದರೂ ಸರಿ: ಮೊದಲಿನ ಅಳತೆ ಬರೆದಿಡದಿದ್ದರೆ ಕೊನೆಯ ಅಳತೆಗೆ ಅರ್ಥವಿಲ್ಲ. ಕಾರು ಕೊಡುವಾಗಲೂ ಇದೇ ನಿಯಮ. ಕಾರನ್ನು ತೊಳೆಸಿ, ಹಗಲು ಬೆಳಕಿನಲ್ಲಿ ನಾಲ್ಕೂ ಕಡೆಯಿಂದ ಚಿತ್ರ ತೆಗೆದೆ. ಓಡಿದ ಕಿಲೋಮೀಟರು, ಇದ್ದ ಗೀರುಗಳು, ಸ್ಟೆಪ್ನಿ, ಜಾಕು, ಪೆಟ್ರೋಲಿನ ಮಟ್ಟ ಎಲ್ಲವನ್ನೂ ತಪಾಸಣೆಯ ಹಾಳೆಯಲ್ಲಿ ಬರೆಸಿ ಚಾಲಕನ ಸಹಿ ಪಡೆದೆ. ಆತ "ಸಾಹೇಬರೇ, ಇಷ್ಟೆಲ್ಲ ಯಾರೂ ಬರೆಸುವುದಿಲ್ಲ" ಎಂದು ನಕ್ಕ. ಪೆಟ್ರೋಲು ಸ್ವಲ್ಪವೇ ಇರಲಿ. ಫಾಸ್ಟ್ಯಾಗ್ ಕಿತ್ತಿಡಿ, ಇಲ್ಲವಾದರೆ ಟ್ರೇಲರ್ ಮೇಲೆ ಕೂತ ಕಾರಿನಿಂದಲೂ ಟೋಲು ಕತ್ತರಿಸಿಹೋಗಬಹುದು. ಡಿಕ್ಕಿಯಲ್ಲಿ ಹಪ್ಪಳ ಸಂಡಿಗೆ ತುಂಬುವ ಆಸೆ ಬೇಡ. ಮೂಲ ಕಾಗದಗಳು ಮನೆಯಲ್ಲಿರಲಿ, ನಕಲು ಹೋಗಲಿ.

ಇನ್ನು ರಸೀದಿ. 1865ರ ಹಳೆಯ ಕಾಯಿದೆಯ ಜಾಗಕ್ಕೆ ಬಂದ 2007ರ ರಸ್ತೆ ಸರಕು ಸಾಗಣೆ ಕಾಯಿದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಾಗಣೆದಾರನಿಗೆ ನೋಂದಣಿ ಇರಬೇಕು. ಸರಕು ಪಡೆದದ್ದಕ್ಕೆ ಆತ ರಸೀದಿ ಕೊಡಬೇಕು. ಹೆಚ್ಚಿನ ಬೆಲೆಯನ್ನು ಮೊದಲೇ ಬರೆಸಿ ಅದಕ್ಕೆ ತಕ್ಕ ದರ ತೆರದಿದ್ದರೆ, ನಷ್ಟವಾದಾಗ ಆತನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ನಾನು ಕೊಟ್ಟ ಬಾಡಿಗೆ 9,000 ರೂಪಾಯಿ. ಹತ್ತು ಪಟ್ಟೆಂದರೆ 90,000. ನಮ್ಮ ಕಾರಿನ ಬೆಲೆ ಹಳತಾದರೂ ಮೂರು ಲಕ್ಷ. ಬೆಲೆ ಬರೆಸಿಯೇ ಸಹಿ ಹಾಕಿದೆ. ದಾವೆ ಹೂಡುವುದಿದ್ದರೆ, ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕೆಂಬುದೂ ನೆನಪಿರಲಿ. ಸಮಗ್ರ ವಿಮೆ ಇದ್ದರೆ ಸಾಗಣೆಯಲ್ಲಾದ ಹಾನಿಯೂ ಅದರೊಳಗೆ ಬರುತ್ತದೆ. ಬರೀ ಮೂರನೆಯವರ ವಿಮೆಯಿಂದ ಆ ಲಾಭವಿಲ್ಲ.

ಐದು ದಿನದಲ್ಲಿ ಮುಟ್ಟಿಸುತ್ತೇವೆಂದ ಕಂಪನಿ ಹನ್ನೊಂದು ದಿನ ತೆಗೆದುಕೊಂಡಿತು. ಫೋನು ಮಾಡಿದರೆ ದಿನಕ್ಕೊಂದು ಉತ್ತರ. ಆ ಹೆಚ್ಚಿನ ಆರು ದಿನಗಳಲ್ಲಿ ಅವ್ವನ ಮೂರು ಸರದಿ ಬಂದುಹೋದವು. ಬೇಸಿಗೆಯ ಬಿಸಿಲಲ್ಲಿ ಅಣ್ಣ ಅವಳನ್ನು ಬಸ್ಸಿನಲ್ಲಿ, ತನ್ನ ಹೆಗಲಿಗೆ ಒರಗಿಸಿಕೊಂಡು ಕರೆತಂದ. ಈ ನಷ್ಟಕ್ಕೆ ಯಾವ ರಸೀದಿಯಲ್ಲೂ ಕಾಲಂ ಇಲ್ಲ. ಕೊನೆಗೆ ಟ್ರೇಲರ್ ಹುಬ್ಬಳ್ಳಿಗೆ ಬಂದಾಗ, ಇಳಿಸುವ ಖರ್ಚೆಂದು ಇನ್ನೂ 2,500 ರೂಪಾಯಿ ಕೇಳಿದರು. ಅಣ್ಣ ಜಗಳಕ್ಕೆ ಹೋಗಲಿಲ್ಲ. 'ಬಾಡಿಗೆ ಪೂರ್ತಿ ಸಂದಿದೆ, ಮನೆ ಬಾಗಿಲಿಗೆ ಒಪ್ಪಿಸತಕ್ಕದ್ದು' ಎಂದಿದ್ದ ರಸೀದಿಯ ನಕಲನ್ನು ಮುಂದಿಟ್ಟ. ಬೇಡಿಕೆ ಅಲ್ಲಿಗೇ ನಿಂತಿತು. ಎಡಗಡೆಯ ಹಿಂಬಾಗಿಲಲ್ಲಿ ಹೊಸ ತಗ್ಗೊಂದಿತ್ತು. ಅದನ್ನು ಒಪ್ಪಿಗೆಯ ಕಾಗದದ ಮೇಲೆ ಬರೆದ ಮೇಲೆಯೇ ಸಹಿ ಮಾಡಿದ. ನಮ್ಮ ಚಿತ್ರಗಳನ್ನೂ ತಪಾಸಣೆಯ ಹಾಳೆಯನ್ನೂ ಲಗತ್ತಿಸಿ ಪತ್ರ ಬರೆದೆ. ಒಂದೂವರೆ ತಿಂಗಳ ಮೇಲೆ ರಿಪೇರಿಯ ಹಣ ಬಂತು. ಮಾತಿನ ಬಲದಿಂದ ಅದು ಬರುತ್ತಿರಲಿಲ್ಲ. ಕಡತ ಗಟ್ಟಿಯಾಗಿತ್ತು, ಬಂತು.

ವರ್ಗವಾಗಿ ಹೋಗುವ ಕೇಂದ್ರ ಸರ್ಕಾರದ ನೌಕರರಿಗೆ ವಾಹನ ಸಾಗಿಸಿದ ಖರ್ಚು ಸಿಗುತ್ತದೆ. ಆದರೆ ಕಾರಿನದು ಆರನೆಯ ವೇತನ ಹಂತದಿಂದ ಮೇಲಿನವರಿಗೆ. ನನ್ನಂಥ ಗುಮಾಸ್ತರಿಗೆ ಸ್ಕೂಟರೋ ಮೋಟರ್‌ಸೈಕಲ್ಲೋ ಅಷ್ಟೇ. ಊರಲ್ಲಿ ಖಾಯಂ ಇರಿಸುವ ಕಾರಾದರೆ ಇನ್ನೂ ಒಂದು ಕೆಲಸವಿದೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇರುವ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಇಲ್ಲಿಯ ಆರ್.ಟಿ.ಓ.ದಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಬೇಕು; ಸಾಲ ಬಾಕಿ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಕರ್ನಾಟಕದಲ್ಲಿ ತೆರಿಗೆ ಕಟ್ಟಿ, ಇಲ್ಲಿ ಕಟ್ಟಿದ್ದರ ಉಳಿಕೆಗೆ ಅರ್ಜಿ ಹಾಕಿಕೊಳ್ಳಬೇಕು. ನಾನು ಕಲ್ಯಾಣದ ಕಚೇರಿಗೆ ಅರ್ಜಿ ಹಾಕಿದ್ದೇನೆ.

ಕಾರು ಮುಟ್ಟಿದ ಮರುದಿನವೇ ಅವ್ವನ ಸರದಿಯಿತ್ತು. ಆಸ್ಪತ್ರೆಯಿಂದ ಬರುವಾಗ ಹಿಂದಿನ ಸೀಟಿನಲ್ಲಿ ಮಲಗಿ, ಮನೆ ಮುಟ್ಟುವವರೆಗೆ ನಿದ್ದೆ ಮಾಡಿದಳಂತೆ. ಎಂ.ಎಚ್. 05 ಹೋಗಿ ಕೆ.ಎ. 25 ಬರಲು ಇನ್ನೂ ಕೆಲವು ದಿನ ಬೇಕು. ಅಲ್ಲಿಯವರೆಗೆ ಊರ ಹುಡುಗರು ಅದನ್ನು 'ಬೊಂಬಾಯಿ ಗಾಡಿ' ಎಂದು ಕರೆಯುತ್ತಾರಂತೆ.